ಮಡಿಕೆಯಡಿಯ ಸಾಲು

ನನ್ನಕ್ಕನನ್ನು ಕೆಲಸದ ಜಾಗದಲ್ಲಿ ಎಲ್ಲರೂ ಅಂಟಕ್ಕ ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಪುಷ್ಟಿಮಾತ್ರೆಯ ಬಾಟಲಿಗಳಿಗೆ ಲೇಬಲ್ ಅಂಟಿಸುವುದೇ ಅವಳ ಕೆಲಸ. ಲೇಬಲಿನ ಒಂದಂಚು ಇನ್ನೊಂದರ ಮೇಲೆ ಕೂದಲೆಳೆಯಷ್ಟೂ ಸೊಟ್ಟಗಾಗದೆ ಕೂರಬೇಕು. ಮನೆಯಲ್ಲೂ ಅದೇ ಹಠ. ನಾನು ಮಡಚಿಟ್ಟ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಚುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ.

ಭಾವ ದರ್ಜಿ. ಹೃದಯಕ್ಕೆ ಕವಾಟ ಹಾಕಿಸಿಕೊಂಡವರು, ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಗುಳಿಗೆ ನುಂಗಲೇಬೇಕು. ಅದು ಸಾಲದೆಂಬಂತೆ ಮಂಡಿನೋವು. ಹೊಲಿಗೆಯಂತ್ರ ತುಳಿಯಲಾಗದೆ ಕಾಜಾ ಹೊಲಿಯುತ್ತ ಕೂತಿದ್ದರು.

ಮೂತಿ ನೆಗ್ಗಿದ ಬಾಟಲಿಗಳನ್ನು ಕೆಲಸದವರು ಮನೆಗೆ ಒಯ್ಯಬಹುದು. ಅಕ್ಕ ಅರಿಸಿನದ ಮಾತ್ರೆ ತಂದಳು. ಎರಡು ಬಾಟಲಿ ಮುಗಿದರೂ ನೀರಲ್ಲಿ ಹೋಮ ಮಾಡಿದ ಹಾಗಾಯಿತು.

"ಬರೀ ಅರಿಸಿನ ಮೈಗೆ ಹಿಡಿಯಲ್ಲ, ಹೋದ ದಾರೀಲೇ ಬರುತ್ತೆ. ಹೊಸದರಲ್ಲಿ ಕಾಳುಮೆಣಸಿನ ಸತ್ವ ಇದೆ ನೋಡು," ಅಂದ ಅಕ್ಕನ ಮೇಲ್ವಿಚಾರಕ.

ಹೊಸದು ಬಂತು. ಮೂರನೇ ವಾರಕ್ಕೆ ಭಾವ ಯಂತ್ರ ತುಳಿದರು! "ನಿನ್ನ ಕುಪ್ಪಸ ಕೊಡೇ ನಾದಿನಿ, ಒಳ್ಳೇ ಮೂಡಲ್ಲಿದೀನಿ," ಅಂತ ನನ್ನನ್ನೇ ಕರೆದರು.

"ಡಾಕ್ಟರನ್ನ ಕೇಳಿದ್ಯೇನೇ?" ಅಂದೆ ಅಕ್ಕನಿಗೆ.

"ಅಡುಗೆಮನೆ ಮೆಣಸಿಗೂ ಡಾಕ್ಟರಾ?"

ನಾನೂ ನಕ್ಕೆ. ನನ್ನ ಆ ನಗುವಿಗೆ ಬೆಂಕಿ ಹಾಕ.

ಆಮೇಲೆ ಭಾವನ ತೋಳಿನಲ್ಲಿ ನೀಲಿ ಕಲೆಗಳೆದ್ದವು. ಕತ್ತರಿ ತಾಗಿರಬೇಕು ಅಂದುಕೊಂಡೆವು. ಆರನೇ ವಾರದ ಒಂದು ಬೆಳಿಗ್ಗೆ, ಅರ್ಧ ಹೊಲಿದ ಬಿಳಿ ಅಂಗಿಯ ಮೇಲೆ ರಕ್ತ ಕಾರಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಬಾಟಲಿ ತರಿಸಿದರು. "ಆ ಸತ್ವ ಅರಿಸಿನವನ್ನಷ್ಟೇ ಒಳಗೆ ಬಿಡಲ್ಲಮ್ಮ. ಜೊತೆಗಿರೋ ಔಷಧೀನೂ ರಕ್ತದಲ್ಲಿ ಏರಿಸಬಹುದು. ಅರಿಸಿನಾನೂ ರಕ್ತ ತೆಳು ಮಾಡಬಹುದು. ಬಾಟಲಿ ಮೇಲೆ ಬರೆದಿರಲಿಲ್ವಾ?"

"ಇಲ್ಲ ಸರ್. ಅಂಟಿಸೋಳೇ ನಾನು, ನಂಗೊತ್ತಿರಲ್ವಾ?" ಅಂದಳು ಅಕ್ಕ. ಅಂದವಳೇ ಬಾಟಲಿ ಕೈಗೆತ್ತಿಕೊಂಡಳು. ಉಗುರಿನಿಂದ ಲೇಬಲಿನ ಅಂಚು ಎಬ್ಬಿಸಿದಳು. ಹೊಸ ಬಾಟಲಿ ಸಣ್ಣದು, ಲೇಬಲ್ ಹಳೆಯ ಅಳತೆಯದು. ಸುತ್ತಿ ಮಿಕ್ಕಿದ ತುದಿ ಇನ್ನೊಂದಂಚಿನ ಮಡಿಕೆಯಡಿ ಹೋಗಿತ್ತು. ಅಲ್ಲಿ ಸಾಸಿವೆಗಾತ್ರದ ಅಕ್ಷರ: ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿ. ಅಷ್ಟು ದಿನ ಅವಳು ಅಂಚು ನೋಡಿದ್ದಳು, ಅಕ್ಷರ ನೋಡಿರಲಿಲ್ಲ.

ಅಕ್ಕ ಕೆಲಸಕ್ಕೆ ಮರಳಿ ಅದನ್ನು ತೋರಿಸಿದಾಗ, "ಈ ಲೇಬಲ್ ಸುರುಳಿ ಮುಗೀಲಿ, ಆಮೇಲೆ ನೋಡೋಣ," ಅಂದ ಮೇಲ್ವಿಚಾರಕ. ಅಕ್ಕ ಆ ಸಾಲು ಕಾಣುವ ಹಾಗೆ ಓರೆಯಾಗಿ ಅಂಟಿಸಿದಳು. ಲೇಬಲ್‌ಗಳು ಸೊಟ್ಟವೆಂದು ಇಡೀ ಪೆಟ್ಟಿಗೆ ವಾಪಸು ಬಂತು. ಅವಳ ಕೆಲಸ ವಾಪಸು ಬಂದದ್ದು ಅದೇ ಮೊದಲು.

ಭಾವ ಉಳಿದರು. ಮಾತ್ರೆ ನಿಂತಿತು, ಮಂಡಿ ಮತ್ತೆ ಕಟ್ಟಿಕೊಂಡಿತು. ಅಕ್ಕ ಅವರ ಮುಂದೆ ಕೂತು, ಅಳುತ್ತಲೇ ಎಲ್ಲ ಹೇಳಿದಳು.

"ಓದಿದ್ರೂ ನುಂಗ್ತಿದ್ದೆ ಕಣೇ," ಅಂದರು ಭಾವ. "ಮೂರು ವಾರ ಯಂತ್ರ ತುಳಿದೆ. ದಿನ ಬಿಟ್ಟು ದಿನ ಒಂದೇ ಒಂದು ಕೊಡು. ಕೈ ಮುಗೀತೀನಿ."

ಅಕ್ಕ ನನ್ನ ಮುಖ ನೋಡಿದಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ಹೊದಿಕೆ ಮಡಚತೊಡಗಿದೆ.

ಉಳಿದ ಬಾಟಲಿ ಎಸೆಯಲು ಅವಳಿಗೆ ಕೈ ಬರಲಿಲ್ಲ. ಸ್ಟೂಲು ಹತ್ತಿ ಅಟ್ಟದ ಮೇಲಿಟ್ಟಳು. ಅಲ್ಲಿಗೆ ಹತ್ತಲು ಭಾವನಿಗೆ ಮಂಡಿ ಬೇಕು.