ನಾಂದಿಗೆ ಮೊದಲು ಓದಿದವಳು

ನಮ್ಮಲ್ಲಿ ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆಯೇ ಸೂತಕ. ಕೇಳದವನಿಗೆ ಇಲ್ಲ. ಮದುವೆಗೆ ಮೊದಲು ಹಿರಿಯರನ್ನು ನೆನೆಯುವ ನಾಂದಿ ಆದ ಮೇಲೆ ಕೇಳಿದರೂ ಆ ಮದುವೆಗೆ ಅಡ್ಡಿಯಿಲ್ಲ. ಹಾಗಾಗಿ ದಾಯಾದಿಗಳಲ್ಲಿ ಯಾರಾದರೂ ತೀರಿಕೊಂಡರೆ ಹಿಂದೆ ಮದುವೆ ಮನೆಗೆ ಹೇಳಿ ಕಳುಹಿಸುತ್ತಿರಲಿಲ್ಲ. ಗೊತ್ತಿದ್ದವರು ಆ ದಾರಿಯಲ್ಲೇ ಸುಳಿಯುತ್ತಿರಲಿಲ್ಲ. ಅದು ಮೋಸವಲ್ಲ, ಮರ್ಯಾದೆ. ಈ ಫೋನಿಗೆ ಆ ಮರ್ಯಾದೆ ಗೊತ್ತಿಲ್ಲ.

ಮಗಳ ಮದುವೆ ಪುತ್ತೂರಿನ ಸಭಾಭವನದಲ್ಲಿ. ಹಿಂದಿನ ದಿನ ಒಂಬತ್ತು ಗಂಟೆಗೆ ಸವಣೂರಿನ ನಮ್ಮ ಮನೆಯಲ್ಲಿ ನಾಂದಿ. ಅಂದು ಬೆಳಿಗ್ಗೆ ಅಡಿಗೆಯವರ ವ್ಯಾನು ಎಲ್ಲಿಗೆ ತಲುಪಿತೆಂದು ನೋಡಲು ಫೋನು ತೆಗೆದೆ. ಅವರು ಲೊಕೇಶನ್ ಕಳುಹಿಸಿದ್ದರು. ಅದನ್ನು ಹುಡುಕುವಾಗ ಕುಟುಂಬದ ಗ್ರೂಪು ತೆರೆದುಕೊಂಡಿತು. ಸುಳ್ಯದ ದೊಡ್ಡ ಮಾವ ಹೋಗಿಬಿಟ್ಟಿದ್ದರು. ಅವರ ಮಗಳು ಹಾಕಿದ್ದಳು: 'ಅಪ್ಪ ಇನ್ನಿಲ್ಲ. ಹನ್ನೊಂದಕ್ಕೆ ಕ್ರಿಯೆ.'

ದೊಡ್ಡ ಮಾವನೆಂದರೆ ನನ್ನ ಗಂಡನ ದೊಡ್ಡಪ್ಪ. ಇವರಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಆಮೇಲೆ ಮನೆಯಲ್ಲಿಟ್ಟುಕೊಂಡು ಓದಿಸಿದವರು ಈ ದೊಡ್ಡಪ್ಪನೇ. ಗಂಡ ಆಗ ಸ್ನಾನಕ್ಕೆ ಹೋಗಿದ್ದರು. ಮತ್ತೆ ಫೋನು ನೋಡಿದರೆ ಸಂದೇಶವೇ ಇಲ್ಲ, 'ಅಳಿಸಲಾಗಿದೆ' ಎಂಬ ಒಂದು ಸಾಲು ಮಾತ್ರ. ದೇವರೇ ಅಳಿಸಿದ ಎಂದುಕೊಂಡೆ. ಗಂಡನಿಗೆ ಹೇಳಿದರೆ ಮದುವೆ ನಿಲ್ಲುತ್ತದೆ, ಹೇಳದಿದ್ದರೆ ಅವರಿಗೆ ದೊಡ್ಡಪ್ಪನ ಮುಖ ಕೊನೆಯದಾಗಿ ನೋಡಲು ಸಿಗುವುದಿಲ್ಲ. ನಾನು ಹೇಳಲಿಲ್ಲ. ಸ್ನಾನ ಮುಗಿಸಿ ಬಂದವರ ಕೈಗೆ ಕಾಫಿ ಕೊಟ್ಟೆ.

ಅಲ್ಲಿಂದ ನನಗೆ ಎಲ್ಲರ ಮೇಲೂ ಅನುಮಾನ. ಅಳಿಸುವ ಮೊದಲು ಇನ್ಯಾರು ನೋಡಿದ್ದಾರೆ? ಪುರೋಹಿತರು ಫೋನು ನೋಡಿ ಪಂಚೆಯ ಮಡಿಕೆಗೆ ಸಿಕ್ಕಿಸಿಕೊಂಡರೆ ಅವರಿಗೂ ಗೊತ್ತಾಯಿತೆಂದುಕೊಳ್ಳುತ್ತಿದ್ದೆ. ಚಿಕ್ಕಪ್ಪನೊಬ್ಬರು ಕಾಫಿ ಬೇಡವೆಂದರು. ಗೊತ್ತಾಗಿಯೇ ಬೇಡವೆಂದದ್ದೆಂದು ತೀರ್ಮಾನಿಸಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಎಲ್ಲಕ್ಕಿಂತ ಹೆದರಿದ್ದು ನಾದಿನಿಯ ಕೈಗಡಿಯಾರಕ್ಕೆ. ಫೋನಿಗೆ ಏನು ಬಂದರೂ ಅದು ಅವಳ ಮಣಿಕಟ್ಟಿನಲ್ಲಿ ಗುರ್ ಎನ್ನುತ್ತದೆ. ತೆಂಗಿನಕಾಯಿ ತುರಿಯುತ್ತಲೇ ಅವಳು ಅದನ್ನು ಒರೆಸಿ ನೋಡಿದಳು.

"ಗ್ರೂಪಲ್ಲಿ ಎಂತದೋ ಹಾಕಿ ತೆಗ್ದಿದ್ದಾರೆ. ನೀವು ನೋಡಿದ್ರಾ ಅತ್ತಿಗೆ?"

"ನನಗೆಲ್ಲಿ ಪುರುಸೊತ್ತು ಮಾರಾಯ್ತಿ!"

ಅವಳು ಮತ್ತೇನೂ ಕೇಳಲಿಲ್ಲ. ಅದೂ ನನಗೆ ಸಂಶಯವೇ. ಒಂಬತ್ತಕ್ಕೆ ನಾಂದಿ ಸಾಂಗವಾಗಿ ಮುಗಿಯಿತು. ಹನ್ನೊಂದಕ್ಕೆ ನನ್ನ ಗಂಡ ಬೀಗರಿಗೆ ಫೋನು ಮಾಡಿ ಜೋರಾಗಿ ನಗುತ್ತಿದ್ದರು. ನಾನು ಕೊಟ್ಟಿಗೆಯ ಹಿಂದೆ ಹೋಗಿ ಅತ್ತು ಬಂದೆ.

ಮದುವೆಯ ಮರುದಿನ ಸುಳ್ಯದಿಂದ ಫೋನು ಬಂತು. ಗಂಡ ಮಗುವಿನಂತೆ ಅತ್ತರು. "ನಿನ್ನೆ ಮೊನ್ನೆ ಎಲ್ಲ ಮುಚ್ಚಿಟ್ಟಿದ್ದಾರೆ, ಎಷ್ಟು ದೊಡ್ಡ ಮನಸ್ಸು ನೋಡು ಅವ್ರದ್ದು" ಎಂದರು. ನಾನು ಹೌದೆಂದೆ. ಕೂಡಲೇ ಇಬ್ಬರೂ ಹೊರಟೆವು.

ದೊಡ್ಡ ಮಾವನ ಹೆಂಡತಿ, ದೊಡ್ಡತ್ತೆ, ಚಾವಡಿಯ ಮೂಲೆಯಲ್ಲಿ ಕೂತಿದ್ದರು. ನಾನು ಕೈ ಹಿಡಿದುಕೊಂಡೆ. "ನಮಗೆ ಗೊತ್ತೇ ಆಗ್ಲಿಲ್ಲ ಅತ್ತೆ" ಎಂದೆ. ಅಷ್ಟು ಹೇಳುವ ಅಗತ್ಯವೇ ಇರಲಿಲ್ಲ.

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಮೆಲ್ಲನೆ ಹೇಳಿದರು: "ಮಗಳು ಗಾಬರಿಯಲ್ಲಿ ಹಾಕಿದ್ದು. ಅಯ್ಯೋ, ಅಲ್ಲಿ ಮದುವೆ ಉಂಟು, ತೆಗಿ ಅಂತ ನಾನೇ ಹೇಳಿದೆ. ತೆಗೆಯುವ ಮೊದ್ಲು ಯಾರು ಓದಿದ್ದಾರೆ ಅಂತ ನೋಡಿದ್ಳು. ನಿನ್ನ ಹೆಸ್ರು ಒಂದೇ ಇದ್ದದ್ದು. ನೀನು ಮಾಡಿದ್ದು ತಪ್ಪಲ್ಲ ಮಗಾ, ನಾನಾದ್ರೂ ಹಾಗೇ ಮಾಡ್ತಿದ್ದೆ. ಆದ್ರೆ ಮದುವೆ ಫೋಟೋ ಎಲ್ಲ ಬಂತಲ್ಲ, ನೀನು ಎಷ್ಟು ಚಂದ ನಗ್ತಾ ಇದ್ದಿ. ಅದನ್ನು ನೋಡುವಾಗ ನಿಂಗೆ ಗೊತ್ತಿಲ್ಲ ಅಂತ ಎಣಿಸ್ಲಿಕ್ಕೆ ನಂಗೆ ಆಗ್ಲಿಲ್ಲ."

ನನ್ನ ಗಂಡ ಹಿಂದೆಯೇ ನಿಂತಿದ್ದರು. ವಾಪಸು ಬಂದು ಮನೆಯ ಗೇಟಿನ ಹತ್ತಿರ ಕಾರು ನಿಲ್ಲಿಸಿ, ನನ್ನ ಮುಖ ನೋಡದೆ, "ಅವತ್ತು ನಾನು ಸ್ನಾನ ಮುಗ್ಸಿ ಬಂದಾಗ ನೀನು ನಂಗೆ ಕಾಫಿ ಕೊಟ್ಟದ್ದು ಅದು ಓದಿದ ಮೇಲೆಯಾ?" ಎಂದರು.