ಯಾರ ಮನೆಯಲ್ಲೂ ಉಣ್ಣದ ಜಡ್ಜ್ ಅಂಕಲ್

ಜಡ್ಜ್ ಅಂಕಲ್ ಯಾರ ಮನೆಗೆ ಬಂದರೂ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ಅಮೆರಿಕದ ಅಲ್ಫರೆಟಾದಲ್ಲಿರುವ ನಮ್ಮ ಬಡಾವಣೆಯಲ್ಲಿ, ಬಾಗಿಲಿಗೆ ಬಂದವರಿಗೆಲ್ಲ ಚಿತ್ರಾನ್ನ ತಿನ್ನಿಸದೆ ಬಿಡದ ಕನ್ನಡದವರಿಗೆ ಇದೊಂದು ದೊಡ್ಡ ಒಗಟು. ಸಕ್ಕರೆ ಕಾಯಿಲೆ ಎಂದರು ಕೆಲವರು. ಬ್ರಿಟಿಷ್ ಬಿಗುಮಾನ ಎಂದಳು ಹಿಂದಿನ ಮನೆಯ ನನ್ನ ಗೆಳತಿ ಶೈಲಜಾ. ನನಗಂತೂ ಕಾರಣ ತಿಳಿಯದೆ ತಲೆ ಚಿಟ್ಟು ಹಿಡಿದಿತ್ತು.

ಅಂಕಲ್ ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ. ಲಂಡನ್ನಿಗೆ ಹೋಗಿ ಲಾ ಓದಿ, ಅಲ್ಲಿಯವರೇ ಆಗಿ, ಜಡ್ಜ್ ಆಗಿ, ಅಟ್ಲಾಂಟಿಕ್ ನಡುವೆ ಬ್ರಿಟನ್ನಿಗೆ ಸೇರಿದ ಪುಟ್ಟ ದ್ವೀಪವೊಂದರಲ್ಲಿ ಬಹುಕಾಲ ನ್ಯಾಯ ಹೇಳಿದವರು. ಹೆಂಡತಿ ತೀರಿಕೊಂಡ ಮೇಲೆ, ಕೋವಿಡ್ ಗಲಾಟೆ ಇಳಿದಾಗ, ನಮ್ಮ ಬೀದಿಯಲ್ಲಿದ್ದ ಮಗಳು ನಸ್ರೀನಳ ಮನೆಗೆ ಬಂದರು. ಅಷ್ಟು ಸುತ್ತಿದರೂ ಕನ್ನಡ ಮಾತ್ರ ಮೊಹಲ್ಲಾದ್ದೇ. ಬೇಸಿಗೆಯಲ್ಲೂ ಟೈ ಕಟ್ಟಿ ವಾಕಿಂಗ್ ಹೊರಡುವರು. ಮಕ್ಕಳು ಸೈಕಲ್ಲಿಗೆ ಜಗಳವಾಡುತ್ತಿದ್ದರೆ ನಿಂತು, ಚಿಕ್ಕವರ ಮಾತನ್ನು ಮೊದಲು ಕೇಳುವರು.

ಒಂದು ಸಂಜೆ ದಾರಿಯಲ್ಲಿ ಕೇಳಿಯೇ ಬಿಟ್ಟೆ.

“ಇಡೀ ದ್ವೀಪಕ್ಕೆ ನಾನೊಬ್ನೇ ಜಡ್ಜ್ ಕಣಮ್ಮ. ಇವತ್ತು ಊಟಕ್ಕೆ ಕರ್ದೋರು ನಾಳೆ ಕೋರ್ಟಲ್ಲಿ ನಿಂತಿರ್ತಾರೆ” ಎಂದರು.

ಒಮ್ಮೆ ಮಾತ್ರ ಮನಸ್ಸು ತಡೆಯದೆ ಒಬ್ಬ ಮೀನುಗಾರನ ಮನೆಯಲ್ಲಿ ಉಂಡಿದ್ದರಂತೆ. ಕೆಲವೇ ತಿಂಗಳಲ್ಲಿ ಅವನ ಮೇಲೆ ಹೊಡೆದಾಟದ ಕೇಸು ಬಂತು. ಅವನ ಉಪ್ಪು ತಿಂದವರು ವಿಚಾರಣೆ ನಡೆಸುವ ಹಾಗಿಲ್ಲ. ಬೇರೆ ಜಡ್ಜ್ ಹಡಗಿನಲ್ಲಿ ಬರುವವರೆಗೆ ಅವನು ಲಾಕಪ್ಪಿನಲ್ಲೇ ಕೊಳೆತ. ಬಂದವರು ಅವನದೇನೂ ತಪ್ಪಿಲ್ಲವೆಂದು ಬಿಟ್ಟರು.

“ನಾನ್ ತಿಂದ ಮೀನಿಗೆ ಅವ್ನು ಜೈಲಲ್ಲಿದ್ದ.”

ಈಗ ರಿಟೈರ್ ಆಗಿದ್ದೀರಲ್ಲ ಅಂಕಲ್ ಎಂದೆ. ರಿಟೈರ್ ಆಗಿದ್ದು ನಾನು, ಹೊಟ್ಟೆಗೆ ಇನ್ನೂ ಆರ್ಡರ್ ಬಂದಿಲ್ಲ ಎಂದು ನಕ್ಕರು. ನನಗೆ ನಗು ಬರಲಿಲ್ಲ, ಪಾಪ ಎನಿಸಿತು.

ಮುಂದಿನ ವರ್ಷ ಶೈಲಜಾಗೂ ನನಗೂ ಮಾತು ನಿಂತುಹೋಯಿತು. ಇಬ್ಬರೂ ಸೇರಿ ನಡೆಸುತ್ತಿದ್ದ ಮಕ್ಕಳ ಕನ್ನಡ ಕ್ಲಾಸನ್ನು ಅವಳು ನನ್ನನ್ನು ಕೇಳದೆ ತನ್ನ ಬೇಸ್‌ಮೆಂಟಿಗೆ ಸಾಗಿಸಿದ್ದಳು. ನಾನು ಕೆಂಡವಾದೆ. ಕೆಲವು ತಿಂಗಳು ಹಾಗೇ ಕಳೆದ ಮೇಲೆ ಇಬ್ಬರೂ ಬೇರೆಬೇರೆಯಾಗಿ ಅಂಕಲ್ ಬಳಿ ದೂರು ಒಯ್ದೆವು. ಶನಿವಾರ ಬರುತ್ತೇನೆ ಎಂದರು.

ನಮ್ಮ ಮನೆಗೆ ಬಂದವರು ನೇರ ಊಟದ ಮೇಜಿಗೆ ಹೋಗಿ ಕೂತು, ಏನು ಅಡುಗೆ ಎಂದು ಕೇಳಿದರು. ಅನ್ನ, ಬೇಳೆಸಾರು ಇತ್ತು. ಕೈಯಲ್ಲೇ ಕಲೆಸಿ ಉಂಡರು, ಮತ್ತೊಮ್ಮೆ ಹಾಕಿಸಿಕೊಂಡರು. ನಾನು ಸೌಟು ಹಿಡಿದು ನಿಂತೇ ಇದ್ದೆ.

“ಶೈಲಜಾ ಮನೇಲೂ ಊಟ ಮಾಡ್ಕೊಂಡೇ ಬಂದೆ. ಇನ್ನು ನಿಮ್ಮ ಕೇಸು ನಾನು ಕೇಳೋ ಹಾಗಿಲ್ಲ. ನೀವೇ ಮಾತಾಡ್ಕೊಳ್ಳಿ” ಎಂದು ಕೈ ತೊಳೆದರು.

ಅವರು ಹೊರಟ ಕೂಡಲೇ ಶೈಲಜಾ ಫೋನ್ ಮಾಡಿದಳು. “ನಿನ್ ಮನೇಲೂ ತಿಂದ್ರಾ?” ಅಷ್ಟು ತಿಂಗಳ ಮೇಲೆ ಅವಳಾಡಿದ ಮೊದಲ ಮಾತು ಅದು. ಕ್ಲಾಸಿನ ವಿಷಯ ಆಮೇಲೆ ಹೇಗೋ ಬಗೆಹರಿಯಿತು.

ಅಂದಿನಿಂದ ನಮ್ಮ ಬೀದಿಯಲ್ಲಿ ಅಂಕಲ್ ಉಣ್ಣದ ಮನೆ ಉಳಿಯಲಿಲ್ಲ. ಕರೆಯದಿದ್ದರೂ ಬರುತ್ತಿದ್ದರು, ಇನ್ನಷ್ಟು ಹುಳಿ ಬೇಕಿತ್ತು ಎಂದು ತಕರಾರನ್ನೂ ತೆಗೆಯುತ್ತಿದ್ದರು.

ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಬೀದಿಯವರೆಲ್ಲ ಅಡುಗೆ ಹೊತ್ತು ಹೋದರು. ಶೈಲಜಾ ಮತ್ತು ನಾನು ಒಯ್ದ ಸಾರಿನ ಪಾತ್ರೆಯನ್ನು ನಸ್ರೀನ್ ಒಳಗಿಡದೆ ಕೈಯಲ್ಲೇ ಹಿಡಿದು ನಿಂತಳು.

“ಅಷ್ಟು ವರ್ಷ ಅಬ್ಬಾ ನಾಲ್ಕು ಜನರ ಮನೆ ಊಟಕ್ಕೆ ಹಸ್ಕೊಂಡೇ ಇದ್ರು ಅಕ್ಕಾ. ನಂಗೆ ಗೊತ್ತೇ ಆಗ್ಲಿಲ್ಲ.”