ಒಂದೇ ಶೀಶೆ

ರಜಾಕಾರರಿಗೆ ಹೆದರಿ ನಿಜಾಮನ ಸೀಮೆಯಿಂದ ಗಡಿ ದಾಟಿ ಬಂದವರು ಮುಂಡರಗಿಯಲ್ಲಿ ನಮ್ಮ ಮನೆಯ ಹಿಂದಿನ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅವರೊಳಗೆ ಗಾಜಿನ ಶೀಶೆ ಇದ್ದದ್ದು ಒಬ್ಬ ಮುದುಕಿಯ ಹತ್ತಿರ ಮಾತ್ರ. ಆಗ ದವಾಖಾನೆಗೆ ಔಷಧಿ ಹಾಕಿಸಿಕೊಳ್ಳಲು ಶೀಶೆಯನ್ನು ನಾವೇ ಒಯ್ಯಬೇಕಿತ್ತು. ಬರಿಗೈಯಲ್ಲಿ ಹೋದವರನ್ನು ಕಂಪೌಂಡರ್ ತಿರುಗಿ ಕಳಿಸುತ್ತಿದ್ದ. ಉಟ್ಟ ಬಟ್ಟೆಯಲ್ಲಿ ಓಡಿಬಂದವರು ಶೀಶೆ ಎಲ್ಲಿಂದ ತಂದಾರು? ಯಾರಿಗೆ ಜ್ವರ ಬಂದರೂ ಆಕೆಯ ಬಾಗಿಲಿಗೇ ಬರುತ್ತಿದ್ದರು. ಆಕೆ ಶೀಶೆಯನ್ನು ಸೆರಗಿನಿಂದ ಒರೆಸಿ ಕೊಟ್ಟು, "ತೊಳದು ಕೊಡ್ರಿ ಮತ್ತ" ಎನ್ನುತ್ತಿದ್ದಳು.

ಒಮ್ಮೆ ಆಕೆಗೇ ಚಳಿಜ್ವರ ಬಂತು. ದಿನಕ್ಕೊಂದು ಗುಟುಕು ಕುಡಿಯೆಂದು ಕೊಟ್ಟ ಕ್ವಿನೈನ್ ಔಷಧಿಯನ್ನು ಅದೇ ಶೀಶೆಯಲ್ಲಿ ತಂದು ಕೂತಿದ್ದಳು. ಅಷ್ಟರಲ್ಲಿ ಜ್ವರದ ಕೂಸನ್ನು ಎತ್ತಿಕೊಂಡು ಒಬ್ಬ ಹೆಂಗಸು ಬಂದು ನಿಂತಳು. ಮುದುಕಿ ಔಷಧಿಯನ್ನೆಲ್ಲ ಒಂದೇ ಸಲ ಗಟಗಟ ಕುಡಿದು, ಶೀಶೆ ತೊಳೆದು ಅವಳ ಕೈಗಿಟ್ಟಳು.

ಮರುದಿನ ನಮ್ಮವ್ವ ಗಂಜಿ ಒಯ್ದಾಗ ನಾನೂ ಜತೆಗೆ ಹೋದೆ. ಮುದುಕಿಗೆ ತಲೆ ಎತ್ತಲಾಗುತ್ತಿರಲಿಲ್ಲ. ಕ್ವಿನೈನ್ ಹೆಚ್ಚಾಗಿ ಕಿವಿ ಗುಂಯ್‌ಗುಡುತ್ತಿತ್ತು.

"ಒಮ್ಮೆಲೇ ಎಲ್ಲಾ ಕುಡೀತಾರೇನ ಯವ್ವಾ? ಜೀವಾ ಹೋಗಿದ್ರ?" ಎಂದು ಅವ್ವ ಬೈದಳು.

ಮುದುಕಿ ಅವ್ವನ ಬಾಯಿಯನ್ನೇ ನೋಡಿದಳು. ಒಂದು ಮಾತೂ ಕೇಳಿಸಿರಲಿಲ್ಲ.

"ಶೀಶೆ ಬೇಕಾಗಿತ್ತೇನವಾ? ಆ ಕೂಸಿನ ಮನ್ಯಾಗ ಐತಿ, ಇಸ್ಕೋ" ಎಂದಳು. "ತೊಳದು ಕೊಡು ಮತ್ತ."